ಚೀಟಿಯಲ್ಲಿ ಕಾಯಿಲೆಯ ಹೆಸರು ಬರೆದಾಯ್ತು, ಮುಂದೆ? ಮೊದಲ ಮೂರು ತಿಂಗಳಿಗೊಂದು ಮಾರ್ಗದರ್ಶಿ

ಖಿನ್ನತೆ, ಬೈಪೋಲಾರ್ (ಮನಸ್ಸು ಒಮ್ಮೆ ವಿಪರೀತ ಏರಿ ಒಮ್ಮೆ ಕುಸಿಯುವುದು), ಸ್ಕಿಜೋಫ್ರೇನಿಯಾ (ಇಲ್ಲದ ಧ್ವನಿ ಕೇಳುವುದು, ಇಲ್ಲದ ಸಂಶಯ), ಒಸಿಡಿ (ಬೇಡದ ಯೋಚನೆ, ಮಾಡಿದ್ದನ್ನೇ ಮಾಡುವುದು), ಪ್ಯಾನಿಕ್ (ಏಕಾಏಕಿ ವಿಪರೀತ ಗಾಬರಿ), ಮನಸ್ಸಿನ ಕಾಯಿಲೆಯ ಹೆಸರು ಯಾವುದೇ ಇರಲಿ, ಚೀಟಿ ಹಿಡಿದು ಮನೆಗೆ ಬಂದವರು ಎಡವುವ ಜಾಗ ಹೆಚ್ಚುಕಡಿಮೆ ಒಂದೇ. ಎರಡನೇ ವಾರಕ್ಕೆ "ಇದ್ರಿಂದ ಎಂತ ಗುಣವೂ ಕಾಣ್ಲಿಲ್ಲ" ಎಂದು ಮದ್ದು ನಿಲ್ಲಿಸುತ್ತಾರೆ. ಅಲ್ಲಿ ದಾಟಿದವರು ಎರಡನೇ ತಿಂಗಳಿಗೆ "ಈಗ ಆರಾಮ ಉಂಟಲ್ಲ" ಎಂದು ನಿಲ್ಲಿಸುತ್ತಾರೆ. ಕೆಲವು ತಿಂಗಳು ಕಳೆಯುವಾಗ ಮತ್ತೆ ಅದೇ ಒಪಿಡಿ ಬೆಂಚು. ಆದರೆ ಈ ಸಲ "ನನಗೆ ಇದು ವಾಸಿಯಾಗುವುದೇ ಇಲ್ಲ" ಎಂಬ ತೀರ್ಮಾನವೂ ಜೊತೆಗೆ ಬಂದಿರುತ್ತದೆ.

ಆದ್ದರಿಂದ ಇಲ್ಲಿ ಭರವಸೆಯ ಕೆಲಸವನ್ನು ಮನಸ್ಸಿನಿಂದ ಶುರುಮಾಡಿಲ್ಲ. ದಣಿದ ಮನಸ್ಸಿಗೆ "ಧೈರ್ಯ ತಂದುಕೋ" ಎನ್ನುವುದು ಕಾಲು ಮುರಿದವನಿಗೆ ಆಗುಂಬೆ ಘಾಟಿ ಹತ್ತು ಎಂದ ಹಾಗೆ. ಮೊದಲು ಸುರಕ್ಷತೆ, ಆಮೇಲೆ ಮದ್ದು ಮತ್ತು ನಿದ್ದೆ, ಅದರ ನಂತರ ಜನ, ಕೆಲಸ, ಕಾಗದಪತ್ರ. ಈ ಸರದಿ ತಪ್ಪಿದಾಗಲೇ ಹೆಚ್ಚಿನ ಎಡವಟ್ಟುಗಳು ಆಗುವುದು. ಮೂರು ರಾತ್ರಿ ನಿದ್ದೆ ಇಲ್ಲದವರು ಕೂತು ರಾಜೀನಾಮೆ ಪತ್ರ ಬರೆಯುತ್ತಿರುತ್ತಾರೆ.

ಕೈಯಲ್ಲಿ ಇಟ್ಟುಕೊಳ್ಳಬೇಕಾದ ಸಾಮಾನು

ನೂರು ಪುಟದ ಒಂದು ಗೆರೆ ಪುಸ್ತಕ. ಚೀಟಿ, ರಕ್ತಪರೀಕ್ಷೆಯ ರಿಪೋರ್ಟು ಹಾಕಿಡಲು ಒಂದು ಪ್ಲಾಸ್ಟಿಕ್ ಫೈಲು. ಏಳು ದಿನಕ್ಕೆ ಏಳು ಖಾನೆ ಇರುವ ಮಾತ್ರೆ ಡಬ್ಬಿ. ಮನೆಯಲ್ಲಿ ತೂಕದ ಯಂತ್ರ ಇಲ್ಲದಿದ್ದರೆ ತಿಂಗಳಿಗೆರಡು ಸಲ ಹತ್ತಿರದ ಮೆಡಿಕಲ್‌ನಲ್ಲಿ ನೋಡಿದರೂ ಸಾಕು. ಮೊಬೈಲಿನಲ್ಲಿ ದಿನಕ್ಕೊಂದು ಅಲಾರಂ.

ಡಬ್ಬಿಯ ಬಗ್ಗೆ ಒಂದು ಮಾತು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಮಾತ್ರೆಯನ್ನು ಸ್ಟ್ರಿಪ್ಪಿನಿಂದ ಒಡೆದು ಡಬ್ಬಿಗೆ ಹಾಕಿದರೆ ತೇವ ಎಳೆದುಕೊಂಡು ಮೆತ್ತಗಾಗುತ್ತದೆ. ಸೋಡಿಯಂ ವ್ಯಾಲ್‌ಪ್ರೊಯೇಟ್‌ನಂಥವು ಇದರಲ್ಲಿ ಬಹಳ ಬೇಗ ಹಾಳು. ಕತ್ತರಿಯಿಂದ ಸ್ಟ್ರಿಪ್ಪನ್ನೇ ತುಂಡು ಮಾಡಿ, ಮಾತ್ರೆ ಒಳಗಿರುವಂತೆಯೇ ಖಾನೆಗೆ ಹಾಕಿ. ಹೆಸರು ಮತ್ತು ಎಕ್ಸ್‌ಪೈರಿ ತಾರೀಕು ಇರುವ ತುದಿಯನ್ನು ಕೊನೆಗೆ ಕತ್ತರಿಸಿ.

ಹಂತ 1: ಮೊದಲ ಎರಡು ದಿನ ಏನನ್ನೂ ತೀರ್ಮಾನಿಸಬೇಡಿ

ಕೆಲಸ ಬಿಡುವುದು, ಮದುವೆ ಮಾತುಕತೆ ಮುರಿಯುವುದು, ಕಾಲೇಜಿನಿಂದ ಟಿಸಿ ತರುವುದು, ಆಸ್ತಿ ಭಾಗ, ದೊಡ್ಡ ಸಾಲ, ಇವೆಲ್ಲವನ್ನೂ ಕನಿಷ್ಠ ಆರು ವಾರ ಮುಂದೆ ಹಾಕಿ. ಕಾಯಿಲೆಯ ಹೆಸರನ್ನು ಮೊಬೈಲಿನಲ್ಲಿ ಹುಡುಕುವುದಕ್ಕೂ ಒಂದು ಮಿತಿ ಇರಲಿ: ದಿನಕ್ಕೆ ಅರ್ಧ ಗಂಟೆ, ಅದೂ ಹಗಲು ಹೊತ್ತಿನಲ್ಲಿ. ರಾತ್ರಿ ಹನ್ನೊಂದರ ನಂತರ ಓದಿದ್ದು ಎಲ್ಲವೂ ತನ್ನದೇ ಕಥೆ ಎಂದು ಕಾಣುತ್ತದೆ.

ಮುಂದೆ ಹಾಕಬಾರದ ಪ್ರಶ್ನೆ ಒಂದೇ. ಸಾಯಬೇಕು ಎಂಬ ಯೋಚನೆ ಬರುತ್ತಿದೆಯೇ? ಬರುತ್ತಿದ್ದರೆ ಇವತ್ತೇ ಮನೆಯ ಒಬ್ಬರಿಗೆ ಹೇಳಿ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಹೆದರಿಕೆ ಮನೆಯವರಲ್ಲಿ ಇರುತ್ತದೆ. ಅದು ತಪ್ಪು, ನೇರವಾಗಿ ಕೇಳಿದಾಗ ಎದೆಯ ಭಾರ ಇಳಿಯುವುದೇ ಹೆಚ್ಚು. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿ ಮಾತಾಡಬಹುದು. 2022ರ ಅಕ್ಟೋಬರಿನಲ್ಲಿ ಶುರುವಾದ ಕೇಂದ್ರ ಸರ್ಕಾರದ ಸೇವೆ ಇದು. ಯೋಚನೆ ಹೋಗಿ ಯೋಜನೆ ಆಗಿದೆ ಎಂದಾದರೆ ಫೋನಿನಲ್ಲಿ ಕಾಯಬೇಡಿ, 108 ಆಂಬುಲೆನ್ಸಿಗೆ ಕರೆಮಾಡಿ ಅಥವಾ ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಮಂಗಳೂರಿನ ವೆನ್ಲಾಕ್, ಉಡುಪಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆ, ಕಂಕನಾಡಿಯ ಫಾದರ್ ಮುಲ್ಲರ್, ಮಣಿಪಾಲದ ಕಸ್ತೂರ್ಬಾ, ದೇರಳಕಟ್ಟೆಯ ಮೆಡಿಕಲ್ ಕಾಲೇಜುಗಳು, ಯಾವುದು ಹತ್ತಿರವೋ ಅದು. ಜೊತೆಗೆ ಒಬ್ಬರು ಇರಲೇಬೇಕು.

ಮನೆಯವರ ಪಾಲಿನ ಕೆಲಸ: ತೋಟಕ್ಕೆ ಹೊಡೆಯುವ ಮದ್ದು ಬೀಗದೊಳಗೆ. ಮಾತ್ರೆಯ ದಾಸ್ತಾನು ಬೇರೆಯವರ ಕೈಯಲ್ಲಿ, ವಾರಕ್ಕೆ ಬೇಕಾದಷ್ಟು ಮಾತ್ರ ಹೊರಗೆ. ಇದಕ್ಕೆ ಮುಜುಗರ ಪಡಬೇಕಾಗಿಲ್ಲ. ವಿಪರೀತದ ಗಳಿಗೆ ಸಾಮಾನ್ಯವಾಗಿ ಸ್ವಲ್ಪ ಹೊತ್ತಿನದು, ಅಷ್ಟು ಹೊತ್ತು ಕೈಗೆ ಏನೂ ಸಿಗದಿದ್ದರೆ ಅದು ದಾಟಿ ಹೋಗುತ್ತದೆ.

ಹಂತ 2: ಚೀಟಿಯನ್ನು ಓದಿ

ಫೈಲಿಗೆ ಹಾಕುವ ಮೊದಲು ಚೀಟಿಯ ಫೋಟೋ ತೆಗೆಯಿರಿ. ಮೇಲ್ಭಾಗದಲ್ಲಿ "ಎಫ್" ಅಕ್ಷರದಿಂದ ಶುರುವಾಗುವ ಒಂದು ಸಂಖ್ಯೆ ಇದ್ದರೆ ಅದು ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯ ಸಂಕೇತ. ಎಫ್ 32 ಎಂದರೆ ಖಿನ್ನತೆಯ ಒಂದು ಸರದಿ, ಎಫ್ 33 ಮರುಕಳಿಸುವ ಖಿನ್ನತೆ, ಎಫ್ 31 ಬೈಪೋಲಾರ್, ಎಫ್ 20 ಸ್ಕಿಜೋಫ್ರೇನಿಯಾ, ಎಫ್ 41 ಆತಂಕದ ಕಾಯಿಲೆಗಳು, ಎಫ್ 42 ಒಸಿಡಿ. ಹೆಸರಿನ ಎದುರು ಪ್ರಶ್ನಾರ್ಥಕ ಚಿಹ್ನೆ ಇದ್ದರೆ ವೈದ್ಯರು ಇನ್ನೂ ನೋಡುತ್ತಿದ್ದಾರೆ ಎಂದು ಅರ್ಥ. ಮೊದಲ ಭೇಟಿಯ ಹೆಸರು ಆರು ತಿಂಗಳಲ್ಲಿ ಬದಲಾಗುವುದು ಅಪರೂಪವಲ್ಲ, ಅದನ್ನು ವೈದ್ಯರ ತಪ್ಪು ಎಂದು ತಿಳಿಯಬೇಡಿ.

ಮದ್ದಿನ ಸಾಲಿನಲ್ಲಿ 1–0–1 ಎಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಎಚ್‌ಎಸ್ ಎಂದರೆ ಮಲಗುವ ಹೊತ್ತಿಗೆ. ಎಸ್‌ಒಎಸ್ ಎಂದರೆ ಬೇಕಾದಾಗ ಮಾತ್ರ. ಇದನ್ನು ದಿನಾ ತೆಗೆದುಕೊಳ್ಳುವುದು ಬಹಳ ಸಾಮಾನ್ಯವಾದ ತಪ್ಪು, ಯಾಕೆಂದರೆ ಅಲ್ಲಿ ಇರುವುದು ಹೆಚ್ಚಾಗಿ ಕ್ಲೋನಜೆಪಾಮ್ ಅಥವಾ ಲೊರಜೆಪಾಮ್. ಇವು ಅರ್ಧ–ಒಂದು ಗಂಟೆಯಲ್ಲಿ ಹಾಯೆನಿಸುತ್ತವೆ, ಕೆಲವೇ ವಾರದಲ್ಲಿ ಶರೀರಕ್ಕೆ ರೂಢಿಯಾಗಿಬಿಡುತ್ತವೆ. ಯಾವ ಮಾತ್ರೆ ಕೆಲವೇ ವಾರಕ್ಕೆ, ಯಾವುದು ದೀರ್ಘಕಾಲಕ್ಕೆ ಎಂದು ಪುಸ್ತಕದಲ್ಲಿ ಎರಡು ಸಾಲು ಬರೆದಿಡಿ.

ಎರಡನೇ ಭೇಟಿಗೆ ಪ್ರಶ್ನೆಗಳನ್ನು ಬರೆದುಕೊಂಡೇ ಹೋಗಿ. ಸರ್ಕಾರಿ ಒಪಿಡಿಯಲ್ಲಿ ಸಿಗುವ ಹೊತ್ತು ಕಡಿಮೆ, ಒಳಗೆ ಕಾಲಿಟ್ಟ ಕೂಡಲೇ ಅರ್ಧ ಮರೆತು ಹೋಗುತ್ತದೆ. ಈ ಮದ್ದು ಎಷ್ಟು ವಾರಕ್ಕೆ ಹಿಡಿಯುತ್ತದೆ? ಅಲ್ಲಿಯವರೆಗೆ ಯಾವ ತೊಂದರೆ ಬರಬಹುದು, ಯಾವುದು ಬಂದರೆ ಕೂಡಲೇ ಬರಬೇಕು? ಎಷ್ಟು ತಿಂಗಳು ಮುಂದುವರಿಸಬೇಕು? ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ಪರೀಕ್ಷೆ ಬೇಕೆ? ಕೊನೆಯದನ್ನು ಬಿಡಬೇಡಿ. ಥೈರಾಯ್ಡ್ ಕಡಿಮೆಯಾದರೂ ಬಿ12 ಕೊರತೆಯಾದರೂ ಸುಸ್ತು, ಮಂಕು ಖಿನ್ನತೆಯ ಹಾಗೆಯೇ ಕಾಣಿಸುತ್ತವೆ. ಮೀನು–ಮೊಟ್ಟೆ ತಿನ್ನದ ಮನೆಗಳಲ್ಲಿ ಬಿ12 ಕೊರತೆ ಹೊಸ ವಿಷಯವೇ ಅಲ್ಲ.

ಇನ್ನೊಂದು ವಿಷಯವನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿ. ಹಿಂದೆ ಯಾವಾಗಲಾದರೂ ನಾಲ್ಕೈದು ದಿನ ಮೂರು ಗಂಟೆ ನಿದ್ದೆಯಲ್ಲೇ ದಣಿವಿಲ್ಲದೆ ಓಡಾಡಿದ್ದು, ಮಾತು ನಿಲ್ಲದೆ ಬಂದದ್ದು, ಕೈ ಬಿಟ್ಟು ಖರ್ಚು ಮಾಡಿದ್ದು ಇದೆಯೇ? "ಆಗ ಆರಾಮವೇ ಇದ್ದೆನಲ್ಲ" ಎಂದು ಅದನ್ನು ಯಾರೂ ಹೇಳುವುದಿಲ್ಲ. ಆದರೆ ಬೈಪೋಲಾರ್ ಇರುವವರಿಗೆ ಬರೀ ಖಿನ್ನತೆಯ ಮದ್ದು ಕೊಟ್ಟರೆ ಮನಸ್ಸು ಎದುರು ದಿಕ್ಕಿಗೆ ಹಾರಬಹುದು.

ಮನೋವೈದ್ಯರು ಎಂದರೆ ಎಂಬಿಬಿಎಸ್ ಮೇಲೆ ಮನೋವೈದ್ಯಶಾಸ್ತ್ರ ಓದಿದವರು, ಮದ್ದು ಬರೆಯುವವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಚಿಕಿತ್ಸೆ ಕೊಡುವವರು, ಇವರಿಗೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಸಂಖ್ಯೆ ಇರುತ್ತದೆ, ಕೇಳಿ ನೋಡಬಹುದು. ಬೋರ್ಡಿನಲ್ಲಿ ಬರೀ "ಕೌನ್ಸೆಲರ್" ಎಂದಿದ್ದರೆ ಏನು ಓದಿದ್ದಾರೆ ಎಂದು ವಿಚಾರಿಸಿ.

ಹಂತ 3: ಮದ್ದಿನ ಮೊದಲ ಆರು ವಾರ

ಬಹುಪಾಲು ಜನ ಕೈಬಿಡುವುದು ಇಲ್ಲಿ. ಯಾಕೆಂದರೆ ಖಿನ್ನತೆ ಮತ್ತು ಆತಂಕಕ್ಕೆ ಕೊಡುವ ಎಸಿಟಾಲೊಪ್ರಾಮ್, ಸರ್ಟ್ರಾಲಿನ್‌ನಂಥ ಮಾತ್ರೆಗಳಲ್ಲಿ ಅಡ್ಡಪರಿಣಾಮ ಮೊದಲು ಬರುತ್ತದೆ, ಗುಣ ಆಮೇಲೆ. ಮೊದಲ ವಾರ ಹೊಟ್ಟೆ ತೊಳಸುವುದು, ತಲೆನೋವು, ಕೈಕಾಲು ನಡುಕ, ಆತಂಕ ಸ್ವಲ್ಪ ಹೆಚ್ಚಾದ ಹಾಗೆ ಅನಿಸುವುದು. ಒಂದೆರಡು ವಾರದಲ್ಲಿ ಇವು ತಗ್ಗುತ್ತವೆ. ನಿದ್ದೆ, ಹಸಿವೆ ಎರಡನೇ ವಾರದಿಂದ ಸುಧಾರಿಸಬಹುದು. ಮನಸ್ಸು ತಿಳಿಯಾಗುವುದಕ್ಕೆ ನಾಲ್ಕರಿಂದ ಆರು ವಾರ ಬೇಕು. ಒಸಿಡಿಯಲ್ಲಂತೂ ಹತ್ತು–ಹನ್ನೆರಡು ವಾರ ಕಾಯಬೇಕಾಗುತ್ತದೆ, ಡೋಸೂ ಹೆಚ್ಚು ಬೇಕಾಗುತ್ತದೆ.

ಒಂದು ಗಮನಿಕೆ: ನಿಮ್ಮ ಸುಧಾರಣೆ ಸಾಮಾನ್ಯವಾಗಿ ನಿಮಗಿಂತ ಮೊದಲು ಮನೆಯವರ ಕಣ್ಣಿಗೆ ಬೀಳುತ್ತದೆ. "ನಿನ್ನೆ ಟಿವಿ ನೋಡಿ ನಕ್ಕಿದ್ದಿ" ಎಂದು ಅಕ್ಕ ಹೇಳಿದರೆ ವಾದ ಮಾಡಬೇಡಿ, ಪುಸ್ತಕದಲ್ಲಿ ಬರೆಯಿರಿ.

ಬರೆಯುವುದು ಹೀಗೆ, ದಿನಕ್ಕೆ ಇಷ್ಟೇ ಸಾಲು:

"ಮಂಗಳವಾರ. ಮಲಗಿದ್ದು 10.40, ಎದ್ದದ್ದು 5.15, ನಡುವೆ ಎರಡು ಸಲ ಎಚ್ಚರ. ಮಾತ್ರೆ 8.30, ತಿಂಡಿ ಆದ ಮೇಲೆ. ಹೊಟ್ಟೆ ತೊಳಸಿತು, 11ಕ್ಕೆ ಸರಿಯಾಯಿತು. ಮನಸ್ಸು 10ರಲ್ಲಿ 3. ಬಟ್ಟಲು ತೊಳೆದೆ."

ಭಾವನೆಗಳ ಉದ್ದ ವಿವರಣೆ ಬೇಡ, ಅದು ಕೊರಗನ್ನು ಕೆದಕುತ್ತದೆ. ಖಿನ್ನತೆ ಇದ್ದವರು ಎರಡು ವಾರಕ್ಕೊಮ್ಮೆ ಪಿಎಚ್‌ಕ್ಯೂ-9 ಪ್ರಶ್ನಾವಳಿ ತುಂಬಿಸಬಹುದು. ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ 0ರಿಂದ 3 ಅಂಕ, ಒಟ್ಟು 27. ಕನ್ನಡದಲ್ಲೂ ಇದೆ, ವೈದ್ಯರ ಬಳಿ ಕೇಳಿ. ಮೊದಲ ಸಲ 18 ಇದ್ದದ್ದು ಆರನೇ ವಾರಕ್ಕೆ 9ಕ್ಕೆ ಬಂದರೆ ಮದ್ದು ಕೆಲಸ ಮಾಡುತ್ತಿದೆ. 16–17ರಲ್ಲೇ ನಿಂತರೆ ಡೋಸು ಅಥವಾ ಮದ್ದು ಬದಲಿಸುವ ಮಾತು ಎತ್ತಿ. ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯದ್ದು. ಅದಕ್ಕೆ ಸೊನ್ನೆ ಬಿಟ್ಟು ಬೇರೆ ಏನು ಬಂದರೂ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ವೈದ್ಯರಿಗೆ ತಿಳಿಸಿ.

ತೊಳಸುವ ಮಾತ್ರೆಯನ್ನು ತಿಂಡಿ ಆದ ಮೇಲೆ ತೆಗೆದುಕೊಳ್ಳಿ. ಮಂಪರು ಬರಿಸುವ ಮಾತ್ರೆ ಶುರುವಾದ ಮೊದಲ ವಾರ ಸ್ಕೂಟರು ಬಿಡಬೇಡಿ. ಬಸ್ಸಿನಲ್ಲಿ ಹೋಗಿ, ಆದರೆ ಪಡುಬಿದ್ರಿಯಲ್ಲಿ ಇಳಿಯುವವರು ಉಡುಪಿಯಲ್ಲಿ ಕಣ್ಣು ಬಿಡದಂತೆ ಕಂಡಕ್ಟರಿಗೆ ಹೇಳಿಡಿ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ಸೇರಿಸಿ ನುಂಗಬಾರದು. ಒಲಾಂಜಪಿನ್, ಮಿರ್ಟಾಜಪಿನ್ ಹಸಿವೆಯನ್ನು ವಿಪರೀತ ಮಾಡುತ್ತವೆ. ಎರಡು ಸೌಟು ಅನ್ನದವರು ನಾಲ್ಕಕ್ಕೆ ಬರುತ್ತಾರೆ, ಸಂಜೆ ಗೋಳಿಬಜೆ ಬೇರೆ. ತಿಂಗಳಲ್ಲಿ ಎರಡು ಕಿಲೋಗಿಂತ ಹೆಚ್ಚು ಏರಿದರೆ ತಡಮಾಡದೆ ಹೇಳಿ. ಹತ್ತು ಕಿಲೋ ಏರಿದ ಮೇಲೆ ಇಳಿಸುವುದು ಬಹಳ ಕಷ್ಟ. ಇಂಥ ಮದ್ದಿನಲ್ಲಿ ಸಕ್ಕರೆ ಮತ್ತು ಕೊಲೆಸ್ಟರಾಲ್ ಪರೀಕ್ಷೆಯನ್ನು ಶುರುವಿನಲ್ಲಿ ಒಮ್ಮೆ, ಮೂರು ತಿಂಗಳಿಗೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಮಾಡಿಸುವುದು ಕ್ರಮ.

ಲೈಂಗಿಕ ಆಸಕ್ತಿ ಕುಂದುವುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಸುಮ್ಮನೆ ಮದ್ದು ಬಿಡುತ್ತಾರೆ. ಇದಕ್ಕೆ ದಾರಿ ಇದೆ, ಡೋಸು ಅಥವಾ ಮದ್ದು ಬದಲಿಸುತ್ತಾರೆ. ಬಾಯಿಯಲ್ಲಿ ಹೇಳಲು ಆಗದಿದ್ದರೆ ಬರೆದು ಕೊಡಿ.

ಬೈಪೋಲಾರ್‌ಗೆ ಕೊಡುವ ಲಿಥಿಯಂ ಬರೆದಿದ್ದರೆ ಅದರ ನಿಯಮವೇ ಬೇರೆ. ರಕ್ತದಲ್ಲಿ ಅದರ ಮಟ್ಟವನ್ನು ಕೊನೆಯ ಮಾತ್ರೆ ನುಂಗಿ 12 ಗಂಟೆಯ ನಂತರ ನೋಡಬೇಕು. ರಾತ್ರಿ ಒಂಬತ್ತಕ್ಕೆ ತೆಗೆದುಕೊಂಡವರು ಬೆಳಿಗ್ಗೆ ಒಂಬತ್ತಕ್ಕೆ ರಕ್ತ ಕೊಟ್ಟು ಆಮೇಲೆ ಬೆಳಗಿನ ಮಾತ್ರೆ ತೆಗೆದುಕೊಳ್ಳುವುದು. ದೀರ್ಘಕಾಲದ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 0.8 ಮಿಲಿಮೋಲ್ ಹತ್ತಿರ ಇರಿಸುತ್ತಾರೆ. ಏಪ್ರಿಲ್–ಮೇ ತಿಂಗಳ ಬೆವರು, ಮಳೆಗಾಲದ ವಾಂತಿ–ಭೇದಿ, ಉಪವಾಸ, ಏಕಾಏಕಿ ಉಪ್ಪು ಬಿಡುವುದು, ಇವೆಲ್ಲ ಶರೀರದ ನೀರು–ಉಪ್ಪನ್ನು ಕಡಿಮೆ ಮಾಡಿ ಲಿಥಿಯಂ ಮಟ್ಟವನ್ನು ಏರಿಸುತ್ತವೆ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಎಂಬ ನೋವಿನ ಮಾತ್ರೆಗಳೂ ಹಾಗೆಯೇ. ಬೆನ್ನುನೋವಿಗೆ ಮೆಡಿಕಲ್‌ನಿಂದ ತಾನಾಗಿ ಮಾತ್ರೆ ತರುವ ಅಭ್ಯಾಸ ಇದ್ದರೆ ಇಲ್ಲಿಗೆ ನಿಲ್ಲಿಸಿ.

ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಸೂಚನೆಗಳು

ಲಿಥಿಯಂನವರಿಗೆ ಕೈ ಜೋರಾಗಿ ನಡುಗುವುದು, ವಾಂತಿ–ಭೇದಿ, ತೂರಾಡುವ ನಡಿಗೆ, ತೊದಲು. ಸ್ಕಿಜೋಫ್ರೇನಿಯಾದ ಮದ್ದಿನವರಿಗೆ ಕುತ್ತಿಗೆ ಒಂದು ಬದಿಗೆ ಸೆಟೆದು ತಿರುಗುವುದು, ಕಣ್ಣಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುವುದು. ನೋಡುವವರಿಗೆ ಮೈಮೇಲೆ ಏನೋ ಬಂದ ಹಾಗೆ ಕಾಣುತ್ತದೆ, ತುರ್ತು ವಿಭಾಗದಲ್ಲಿ ಒಂದು ಇಂಜೆಕ್ಷನ್ನಿನಿಂದ ಬೇಗ ಇಳಿಯುತ್ತದೆ. ಅದೇ ಮದ್ದಿನಲ್ಲಿ ಜೋರು ಜ್ವರದ ಜೊತೆ ಮೈ ಬಿಗಿತ, ಗೊಂದಲ ಬಂದರೂ ಅಷ್ಟೇ ತುರ್ತು. ಲ್ಯಾಮೊಟ್ರಿಜಿನ್ ಅಥವಾ ಕಾರ್ಬಮಜೆಪಿನ್ ಶುರುವಾದ ಮೇಲೆ ಮೈಮೇಲೆ ದದ್ದು, ಬಾಯಿಹುಣ್ಣು. ಕ್ಲೋಜಪಿನ್ ತೆಗೆದುಕೊಳ್ಳುವವರಿಗೆ ಜ್ವರ, ಗಂಟಲುನೋವು. ಅದೇ ದಿನ ರಕ್ತಪರೀಕ್ಷೆ ಆಗಬೇಕು.

ಹಂತ 4: ನಿದ್ದೆಯನ್ನು ಕಟ್ಟಿಹಾಕಿ

ಮಲಗುವ ಹೊತ್ತು ಹೆಚ್ಚುಕಮ್ಮಿ ಆದರೂ ಏಳುವ ಹೊತ್ತು ಒಂದೇ ಇರಲಿ, ಭಾನುವಾರವೂ. ಎದ್ದು ಅರ್ಧ ಗಂಟೆಯೊಳಗೆ ಹೊರಗಿನ ಬೆಳಕಿಗೆ ಬನ್ನಿ. ಅಂಗಳದಲ್ಲಿ ಹತ್ತು ಹೆಜ್ಜೆ ಹಾಕಿದರೂ ಆದೀತು. ಮಧ್ಯಾಹ್ನ ಊಟದ ನಂತರದ ನಿದ್ದೆ ಅರ್ಧ ಗಂಟೆ ದಾಟದಿರಲಿ. ಚಹಾ–ಕಾಫಿ ಮೂರು ಗಂಟೆಗೆ ಕೊನೆ.

ಬೈಪೋಲಾರ್ ಇರುವವರಿಗೆ ಇದು ಮದ್ದಿನಷ್ಟೇ ಮುಖ್ಯ. ಒಂದೇ ಒಂದು ರಾತ್ರಿ ಪೂರ್ತಿ ನಿದ್ದೆಗೆಟ್ಟರೆ ಉನ್ಮಾದ (ಮನಸ್ಸು ವಿಪರೀತ ಏರುವ ಸ್ಥಿತಿ) ಶುರುವಾಗಲು ಕೆಲವರಿಗೆ ಸಾಕು. ನಮ್ಮ ಕಡೆ ದೀಪಾವಳಿಯಿಂದ ಮೇ ಕೊನೆಯ ಪತ್ತನಾಜೆವರೆಗೆ ಎಚ್ಚರವಿರುವ ರಾತ್ರಿಗೆ ಕೊರತೆ ಇಲ್ಲ: ದೈವಗಳ ನೇಮ, ಕೋಲ, ಬೆಳಗಿನವರೆಗೆ ಯಕ್ಷಗಾನದ ಆಟ, ಅದರ ಮೇಲೆ ಮದುವೆ, ಮೆಹಂದಿ. ಎಲ್ಲವನ್ನೂ ಬಿಡಬೇಕಾಗಿಲ್ಲ. ಮಧ್ಯರಾತ್ರಿಯ ಒಳಗೆ ಮುಗಿಯುವ ಕಾಲಮಿತಿ ಆಟಕ್ಕೆ ಹೋಗಬಹುದು. ಕುಟುಂಬದ ನೇಮಕ್ಕೆ ಹೋಗಲೇಬೇಕಾದರೆ ದೈವದ ಭಂಡಾರ (ಆಭರಣ, ಆಯುಧ) ಇಳಿಯುವ ಹೊತ್ತಿಗೆ ಹೋಗಿ ಪ್ರಸಾದ ತೆಗೆದುಕೊಂಡು ಹತ್ತಕ್ಕೆ ಮನೆಗೆ. ರಾತ್ರಿಯ ಮಾತ್ರೆ ಕಿಸೆಯಲ್ಲೇ ಇರಲಿ. ಎರಡು ರಾತ್ರಿ ಸಾಲಾಗಿ ಐದು ಗಂಟೆಗಿಂತ ಕಡಿಮೆ ನಿದ್ದೆ, ಆದರೂ ಹಗಲು ದಣಿವೇ ಇಲ್ಲ ಎಂದರೆ ಬೆಳಿಗ್ಗೆಯೇ ವೈದ್ಯರಿಗೆ ಫೋನು ಮಾಡಿ.

ರಂಜಾನ್ ಉಪವಾಸ, ಏಕಾದಶಿ, ನವರಾತ್ರಿಯ ವ್ರತ ಇರುವವರು ಎರಡು ವಾರ ಮೊದಲೇ ಕೇಳಿಕೊಂಡು ಮಾತ್ರೆಯ ಹೊತ್ತು ಹೊಂದಿಸಿಕೊಳ್ಳಿ. ಹೆಚ್ಚಿನ ಮಾತ್ರೆಗಳನ್ನು ಹೊಂದಿಸಲು ಬರುತ್ತದೆ, ಲಿಥಿಯಂ ವಿಷಯ ಮಾತ್ರ ವೈದ್ಯರು ಹೇಳಿದ ಹಾಗೆ.

ಹಂತ 5: ಯಾರಿಗೆ ಹೇಳುವುದು, ಎಷ್ಟು ಹೇಳುವುದು

ಮೊದಲ ತಿಂಗಳು ಇಬ್ಬರು ಸಾಕು. ಒಬ್ಬರು ಮನೆಯೊಳಗಿನವರು, ಒಬ್ಬರು ಹೊರಗಿನ ಗೆಳೆಯ ಅಥವಾ ಗೆಳತಿ. ಬರೀ ಸುದ್ದಿ ಹೇಳಿ ಬಿಟ್ಟರೆ ಎದುರಿನವರು ಗಾಬರಿಯಲ್ಲಿ ಉಪದೇಶಕ್ಕೆ ಇಳಿಯುತ್ತಾರೆ. ಸುದ್ದಿಯ ಜೊತೆಗೆ ಒಂದು ಕೆಲಸ ಕೊಡಿ:

"ಅಮ್ಮಾ, ನಂಗೆ ಡಿಪ್ರೆಶನ್ ಅಂತ ಡಾಕ್ಟ್ರು ಹೇಳಿದ್ದಾರೆ. ಬಿಪಿ, ಶುಗರಿಗೆ ಇದ್ದ ಹಾಗೆ ಇದಕ್ಕೂ ಮದ್ದು ಉಂಟು. ನೀನು ಒಂದೇ ಕೆಲಸ ಮಾಡು, ರಾತ್ರಿ ಒಂಬತ್ತಕ್ಕೆ ಮಾತ್ರೆ ತಗೊಂಡ್ಯಾ ಅಂತ ಕೇಳು. ಬೇರೆ ಎಂತದೂ ಬೇಡ."

ನೆರೆಮನೆಯವರು "ಎಂತ, ಈಗ ಕಾಣುದೇ ಇಲ್ಲ?" ಎಂದರೆ "ಸ್ವಲ್ಪ ಹುಷಾರಿರ್ಲಿಲ್ಲ, ಮದ್ದು ಮಾಡ್ತಾ ಇದ್ದೇನೆ. ನಿಮ್ಮ ಮಗಳು ಬಂದಿದ್ದಾಳಂತಲ್ಲ?" ಅಷ್ಟೇ. ಅದು ಸುಳ್ಳೂ ಅಲ್ಲ, ಪೂರ್ತಿ ವರದಿ ಒಪ್ಪಿಸಬೇಕಾದ ಸಾಲವೂ ನಿಮ್ಮ ಮೇಲಿಲ್ಲ.

ದಕ್ಷಿಣ ಕನ್ನಡ, ಉಡುಪಿ ಎರಡು ಜಿಲ್ಲೆಗಳಿಗೆ ವಿಶೇಷವಾದ ಒಂದು ತೊಡಕು ಇದೆ. ಪ್ರತಿ ಕುಟುಂಬದಲ್ಲೂ ಒಬ್ಬ ನರ್ಸೋ ಲ್ಯಾಬ್ ಟೆಕ್ನಿಷಿಯನ್ನೋ ಇದ್ದೇ ಇರುತ್ತಾರೆ, ಹೆಚ್ಚಾಗಿ ಕುವೈತಿನಲ್ಲಿ. ಚೀಟಿಯ ಫೋಟೋ ವಾಟ್ಸಾಪಿನಲ್ಲಿ ಅಲ್ಲಿಗೆ ಹೋಗುತ್ತದೆ, "ಅಯ್ಯೋ, ಇದು ಸ್ಟ್ರಾಂಗ್ ಮಾತ್ರೆ, ಅಡಿಕ್ಟ್ ಆಗ್ತದೆ" ಎಂಬ ಉತ್ತರ ಬರುತ್ತದೆ, ಮರುದಿನ ಡಬ್ಬಿ ಕಪಾಟಿನ ಮೇಲೆ. ಕ್ಲೋನಜೆಪಾಮ್ ಬಗೆಯವು ರೂಢಿಯಾಗುವುದು ನಿಜ. ಖಿನ್ನತೆಯ ಮದ್ದು, ಲಿಥಿಯಂ, ಒಲಾಂಜಪಿನ್ ಬಗೆಯವುಗಳಿಗೆ ಆ ಚಟ ಹಿಡಿಯುವುದಿಲ್ಲ. ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ತಲೆಯೊಳಗೆ ಕರೆಂಟು ಹೊಡೆದ ಹಾಗೆ ಆಗುವುದು ಇದೆ. ಅದಕ್ಕೇ ಡೋಸನ್ನು ವಾರಗಟ್ಟಲೆ ಸಮಯ ತೆಗೆದುಕೊಂಡು ನಿಧಾನ ಇಳಿಸುವುದು.

ಜ್ಯೋತಿಷಿಯ ಬಳಿ ಪ್ರಶ್ನೆ ಇಡಿಸುವ ಮಾತೂ ಬಂದೇ ಬರುತ್ತದೆ. ನಾಗನದ್ದೋ ದೈವದ್ದೋ ಉಪದ್ರ ಎಂದು ದೊಡ್ಡಮ್ಮ ಹೇಳಿದರೆ ಜಗಳಕ್ಕೆ ನಿಂತು ಗೆದ್ದವರಿಲ್ಲ, ಗೆಲ್ಲುವ ಅಗತ್ಯವೂ ಇಲ್ಲ. ಹರಕೆ ಹೇಳಲಿ, ಪೂಜೆ ಮಾಡಲಿ, ದರ್ಗಾಕ್ಕೋ ಇಗರ್ಜಿಗೋ ಹೋಗಲಿ. ಷರತ್ತು ಮೂರು: ಒಂದು ದಿನವೂ ಮಾತ್ರೆ ತಪ್ಪಬಾರದು, ರಾತ್ರಿ ನಿದ್ದೆಗೆಡಿಸಬಾರದು, ಹೊಡೆಯುವುದು–ಕಟ್ಟಿಹಾಕುವುದು–ಗೊತ್ತಿಲ್ಲದ ಮದ್ದು ಕುಡಿಸುವುದು ಕೂಡದು. ಮೂರನೆಯದು ನಡೆಯುವ ಜಾಗದಿಂದ ರೋಗಿಯನ್ನು ಎಬ್ಬಿಸಿಕೊಂಡು ಬನ್ನಿ.

ಕೆಲಸದ ಜಾಗದಲ್ಲಿ ಕಾಯಿಲೆಯ ಹೆಸರು ಹೇಳಬೇಕಾಗಿಲ್ಲ. "ವೈದ್ಯಕೀಯ ಕಾರಣ, ಎರಡು ತಿಂಗಳು ನೈಟ್ ಶಿಫ್ಟ್ ಬೇಡ" ಎಂಬ ವೈದ್ಯರ ಪತ್ರ ಹೆಚ್ಚಿನ ಕಡೆ ಸಾಕಾಗುತ್ತದೆ. ಗಲ್ಫಿಗೆ ಮರಳುವವರು ಗಮನಿಸಿ: ಕ್ಲೋನಜೆಪಾಮ್, ಅಲ್‌ಪ್ರಜೋಲಾಮ್ ಯುಎಇಯಲ್ಲಿ ನಿಯಂತ್ರಿತ ಮದ್ದುಗಳು, ಹೋಗುವ ಮೊದಲೇ ಅಲ್ಲಿನ ಸರ್ಕಾರದ ಅನುಮತಿ ಬೇಕು. ಚೀಟಿ ಮತ್ತು ವೈದ್ಯರ ಪತ್ರ ಕೈಚೀಲದಲ್ಲಿರಲಿ.

ಹಂತ 6: ದಿನಕ್ಕೊಂದು ಸಣ್ಣ ಕೆಲಸ

ಮೂರನೇ ವಾರಕ್ಕೆ ಮೊದಲು ಇದಕ್ಕೆ ಕೈಹಾಕಿದವರು ಸೋತು, ಸೋತದ್ದನ್ನೇ ಸಾಕ್ಷಿ ಮಾಡಿಕೊಳ್ಳುತ್ತಾರೆ. ನಿದ್ದೆ ಸ್ವಲ್ಪ ಕೂಡಿದ ಮೇಲೆ ಶುರುಮಾಡಿ.

ಮನಸ್ಸು ಬಂದ ಮೇಲೆ ಕೆಲಸ ಎಂದರೆ ಖಿನ್ನತೆಯಲ್ಲಿ ಆ ದಿನ ಬರುವುದಿಲ್ಲ. ಮೊದಲು ಕೈ ಕೆಲಸಕ್ಕೆ ಹೋಗಬೇಕು, ಮನಸ್ಸು ಹಿಂದಿನಿಂದ ಬರುತ್ತದೆ. ಕೆಲಸ ಹತ್ತು ನಿಮಿಷಕ್ಕೆ ಮುಗಿಯುವಷ್ಟು ಸಣ್ಣದಿರಲಿ, ಹೊತ್ತು ಗೊತ್ತುಮಾಡಿರಲಿ: "ಸಂಜೆ ಐದಕ್ಕೆ ಮಲ್ಲಿಗೆ ಗಿಡಕ್ಕೆ ನೀರು." "ವಾಕಿಂಗ್ ಮಾಡಬೇಕು" ಎಂಬುದು ಕೆಲಸವೇ ಅಲ್ಲ, "ಕದ್ರಿ ಪಾರ್ಕಿನಲ್ಲಿ ಒಂದು ಸುತ್ತು, ಬಂದು ಸ್ನಾನ" ಎಂಬುದು ಕೆಲಸ. ಒಂದು ವಾರ ಸರಿಯಾಗಿ ನಡೆದರೆ ಮಾತ್ರ ಐದು ನಿಮಿಷ ಹೆಚ್ಚಿಸಿ. ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಮಳೆ ಈ ಕಾರ್ಯಕ್ರಮವನ್ನು ಕೆಡಿಸುತ್ತದೆ, ಆಟಿ ತಿಂಗಳಲ್ಲಂತೂ ಮನೆಯೊಳಗಿನ ಕತ್ತಲೆಯೇ ಮನಸ್ಸನ್ನು ಎಳೆಯುತ್ತದೆ. ಒಳಗಿನ ಕೆಲಸವೊಂದನ್ನು ಮೊದಲೇ ಬರೆದಿಡಿ: ಜಗಲಿಯಲ್ಲಿ ಇಪ್ಪತ್ತು ಸುತ್ತು, ಹಲಸಿನ ಬೇಳೆ ಸಿಪ್ಪೆ ತೆಗೆಯುವುದು, ಏನಾದರೂ.

ಕುಡಿತದ ಬಗ್ಗೆ: ಖಿನ್ನತೆಯಲ್ಲಿ ಮದ್ಯ ಎರಡು ಗಂಟೆ ಹಗುರ ಮಾಡಿ ಎರಡು ದಿನ ಭಾರ ಮಾಡುತ್ತದೆ, ನಿದ್ದೆ ಮಾತ್ರೆಯ ಜೊತೆ ಸೇರಿದರೆ ಉಸಿರಿಗೇ ಅಪಾಯ. ದಿನಾ ಕುಡಿಯುವವರು ಥಟ್ಟನೆ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ವೈದ್ಯರಿಗೆ ನಿಜವಾದ ಲೆಕ್ಕ ಹೇಳಿ.

ಹಂತ 7: ಮುನ್ಸೂಚನೆಯ ಹಾಳೆ

ಎರಡನೇ ತಿಂಗಳಲ್ಲಿ, ತಲೆ ತಿಳಿಯಾಗಿರುವಾಗ, ಮನೆಯವರ ಜೊತೆ ಕೂತು ಒಂದು ಹಾಳೆ ಬರೆಯಿರಿ. ಕಾಯಿಲೆ ಜೋರಾಗುವ ಎರಡು–ಮೂರು ವಾರ ಮೊದಲು ಏನು ಬದಲಾಗಿತ್ತು? "ದುಃಖವಾಗಿತ್ತು" ಎಂದು ಬರೆದರೆ ಪ್ರಯೋಜನವಿಲ್ಲ, ಕಣ್ಣಿಗೆ ಕಾಣುವಂಥದ್ದು ಬೇಕು. ಎರಡು ದಿನ ಸ್ನಾನ ಬಿಟ್ಟದ್ದು, ಅಕ್ಕನ ಫೋನು ತೆಗೆಯದ್ದು, ಬೆಳಗಿನ ಮೂರಕ್ಕೇ ಎಚ್ಚರ, ಕಿಟಕಿಗೆ ಬಟ್ಟೆ ಕಟ್ಟಿದ್ದು, ಒಂದೇ ವಾರದಲ್ಲಿ ಮೂರು ಜೊತೆ ಚಪ್ಪಲಿ ತಂದದ್ದು. ಪ್ರತಿಯೊಬ್ಬರದ್ದೂ ಬೇರೆ, ಆದರೆ ಒಬ್ಬರಲ್ಲಿ ಪ್ರತಿ ಸಲವೂ ಹೆಚ್ಚುಕಡಿಮೆ ಅದೇ.

ಹಾಳೆಯ ಕೆಳಗೆ ಏನು ಮಾಡುವುದು ಎಂದು ಸರದಿಯಲ್ಲಿ: ಒಂದು ಸೂಚನೆ ಕಂಡರೆ ಮೂರು ದಿನ ನಿದ್ದೆ–ಮಾತ್ರೆ ಸರಿ ಇದೆಯೇ ನೋಡುವುದು, ಎರಡು ಕಂಡರೆ ವೈದ್ಯರಿಗೆ ಫೋನು, ಸಾವಿನ ಯೋಚನೆ ಬಂದರೆ ಯಾರಿಗೆ ಮೊದಲ ಕರೆ, ಅವರು ಸಿಗದಿದ್ದರೆ ಎರಡನೆಯದು, ಆಮೇಲೆ 14416, ಯಾವ ಆಸ್ಪತ್ರೆ, ರಾತ್ರಿ ಯಾರ ಗಾಡಿ. ಫೋನ್ ನಂಬರುಗಳನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ, ಮೊಬೈಲು ಸ್ವಿಚ್ ಆಫ್ ಆಗಿರುವ ದಿನವೇ ಅದು ಬೇಕಾಗುವುದು. ಒಂದು ಪ್ರತಿ ಕಪಾಟಿನ ಬಾಗಿಲ ಒಳಗಡೆ, ಒಂದು ಹಂತ 5ರಲ್ಲಿ ಹೇಳಿದ ಆ ಇಬ್ಬರ ಬಳಿ. ಮನೆಯವರು ಇದನ್ನು ಬೆದರಿಕೆಯ ಹಾಗೆ ಬಳಸಬಾರದು. "ನೋಡು, ಮತ್ತೆ ಶುರುವಾಯ್ತು" ಎಂದರೆ ಮುಂದಿನ ಸಲ ಸೂಚನೆಯನ್ನು ಮುಚ್ಚಿಡುತ್ತಾರೆ.

ಹಂತ 8: ಕಾಗದ ಮತ್ತು ದುಡ್ಡು

ಜಿಲ್ಲಾಸ್ಪತ್ರೆಗಳಲ್ಲಿ ಮನೋರೋಗದ ಮುಖ್ಯ ಮದ್ದುಗಳು ಉಚಿತ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ; ಕುಂದಾಪುರ, ಕಾರ್ಕಳ, ಪುತ್ತೂರು, ಸುಳ್ಯ ಕಡೆಯವರು ಮೊದಲೇ ಆಸ್ಪತ್ರೆಗೆ ಫೋನು ಮಾಡಿ ದಿನ ಖಚಿತಪಡಿಸಿಕೊಂಡರೆ ಮಂಗಳೂರಿಗೋ ಉಡುಪಿಗೋ ಹೋಗಿಬರುವ ಖರ್ಚು ಉಳಿಯುತ್ತದೆ. ಹೊರಗೆ ಕೊಳ್ಳುವವರು ಜನೌಷಧಿ ಅಂಗಡಿಯಲ್ಲಿ ಕೇಳಿ. ಬ್ರ್ಯಾಂಡು ಬೇರೆ ಇರುತ್ತದೆ. ಸ್ಟ್ರಿಪ್ಪಿನಲ್ಲಿ ಮದ್ದಿನ ಮೂಲ ಹೆಸರು, ಮಿಲಿಗ್ರಾಂ, ಮತ್ತು ಎಸ್‌ಆರ್, ಸಿಆರ್ (ಮದ್ದನ್ನು ನಿಧಾನ ಬಿಡುವ ಮಾತ್ರೆ) ಎಂಬ ಬಾಲ ಇದ್ದರೆ ಅದೂ ಚೀಟಿಯ ಹಾಗೆಯೇ ಇದೆಯೇ ನೋಡಿ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಪ್ರಕಾರ ನಿಮ್ಮ ಕಾಯಿಲೆಯ ವಿಷಯ ಗೌಪ್ಯ, ದಾಖಲೆಯ ಪ್ರತಿ ಕೇಳುವ ಹಕ್ಕು ನಿಮ್ಮದು. ಮುಂದೆ ನಿರ್ಧಾರ ಮಾಡಲಾಗದ ಸ್ಥಿತಿ ಬಂದರೆ ನಿಮ್ಮ ಪರವಾಗಿ ಯಾರು ಮಾತಾಡಬೇಕು ಎಂಬುದನ್ನು ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿ ನಾಮನಿರ್ದೇಶನ ಮಾಡಬಹುದು. ಆಸ್ತಿಯ ಗಲಾಟೆ ಇರುವ ಮನೆಗಳಲ್ಲಿ ಇದನ್ನು ಬೇಗ ಮಾಡಿ. ದೈಹಿಕ ಕಾಯಿಲೆಗೆ ಸಮನಾಗಿ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕೆಂದು ಅದೇ ಕಾಯಿದೆಯ 21ನೇ ಸೆಕ್ಷನ್ ಹೇಳುತ್ತದೆ. ಆದರೆ ಎಷ್ಟೋ ಪಾಲಿಸಿಗಳಲ್ಲಿ ಒಳರೋಗಿ ಖರ್ಚು ಮಾತ್ರ ಸಿಗುತ್ತದೆ, ಒಪಿಡಿಯದ್ದು ಸಿಗುವುದಿಲ್ಲ. ದೀರ್ಘಕಾಲದ ಕಾಯಿಲೆಯಿಂದ ದುಡಿಯಲಾಗದವರು 40 ಶೇಕಡಾ ಮತ್ತು ಮೇಲಿನ ಪ್ರಮಾಣಕ್ಕೆ ಅಂಗವೈಕಲ್ಯ ಪ್ರಮಾಣಪತ್ರ ಪಡೆಯಬಹುದು. ಮೊದಲ ಮೂರು ತಿಂಗಳಲ್ಲಿ ಇದಕ್ಕೆ ಓಡಬೇಡಿ, ಚಿಕಿತ್ಸೆ ಹಿಡಿಯಲು ಸಮಯ ಕೊಟ್ಟು ನೋಡಿ.

ಹನ್ನೆರಡನೇ ವಾರ: ಪುಸ್ತಕ ತೆರೆದು ನೋಡುವುದು

ಮೊದಲ ಏಳು ಪುಟ ಮತ್ತು ಕೊನೆಯ ಏಳು ಪುಟ ಅಕ್ಕಪಕ್ಕ ಇಟ್ಟು ಓದಿ. ಇದನ್ನು ಆ ಇಬ್ಬರಲ್ಲಿ ಒಬ್ಬರ ಎದುರಿಗೇ ಮಾಡಿ, ಯಾಕೆಂದರೆ ಒಬ್ಬರೇ ಓದಿದರೆ ಕಣ್ಣು ಕೆಟ್ಟ ದಿನಗಳನ್ನೇ ಹೆಕ್ಕುತ್ತದೆ. ನಿದ್ದೆಯ ಗಂಟೆ, ಮನಸ್ಸಿಗೆ ಹತ್ತರಲ್ಲಿ ಕೊಟ್ಟ ಅಂಕ, ಮಾಡಿದ ಕೆಲಸ, ಮೂರರಲ್ಲಿ ಎರಡು ಮೇಲೆ ಹೋಗಿದ್ದರೆ ಹಾದಿ ಸರಿ ಇದೆ. ನಡುವೆ ಒಂದು ವಾರ ಕುಸಿದದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಯಾವುದೂ ಏರದಿದ್ದರೆ ಆ ಪುಸ್ತಕವನ್ನೇ ವೈದ್ಯರ ಮೇಜಿನ ಮೇಲೆ ಇಡಿ. ಬೇರೆ ಮದ್ದು, ಮಾತಿನ ಚಿಕಿತ್ಸೆ, ಎರಡನೇ ವೈದ್ಯರ ಅಭಿಪ್ರಾಯ ಎಲ್ಲವೂ ಇನ್ನೂ ಬಾಕಿ ಇವೆ. ಮೊದಲ ಮದ್ದೇ ಎಲ್ಲರಿಗೂ ಹಿಡಿಯುವುದಿಲ್ಲ.

ಆರಾಮ ಆದವರು ನಿಲ್ಲಿಸುವ ಮಾತನ್ನು ಈಗ ಎತ್ತಬೇಡಿ. ಖಿನ್ನತೆ ಮೊದಲ ಸಲ ಬಂದಿದ್ದರೆ, ಪೂರ್ತಿ ಗುಣವಾದ ದಿನದಿಂದ ಆರರಿಂದ ಒಂಬತ್ತು ತಿಂಗಳು ಅದೇ ಡೋಸು. ಮರುಕಳಿಸಿದ್ದರೆ ಎರಡು ವರ್ಷ ಅಥವಾ ಹೆಚ್ಚು. ಸ್ಕಿಜೋಫ್ರೇನಿಯಾದ ಮೊದಲ ಸರದಿಗೆ ಗುಣವಾದ ಮೇಲೆ ಒಂದರಿಂದ ಎರಡು ವರ್ಷ ಕನಿಷ್ಠ, ಬೈಪೋಲಾರ್‌ಗೆ ಸಾಮಾನ್ಯವಾಗಿ ಇನ್ನೂ ದೀರ್ಘ. ಆ ತಾರೀಕನ್ನು ವೈದ್ಯರಿಂದ ಕೇಳಿ, ಪುಸ್ತಕದ ಹಿಂದಿನ ರಟ್ಟಿನ ಒಳಗಡೆ ಬರೆದಿಡಿ. ಮಾತ್ರೆ ಖಾಲಿಯಾಗುವ ಐದು ದಿನ ಮೊದಲು ಹೊಸ ಸ್ಟ್ರಿಪ್ ಮನೆಗೆ ಬಂದಿರಲಿ. ಜುಲೈಯಲ್ಲಿ ರೆಡ್ ಅಲರ್ಟ್ ಇರುವ ದಿನ ಬಸ್ಸು ಬರುತ್ತದೆಂದು ನಂಬಿ ಕೂರಬೇಡಿ.